ಮಣ್ಣಿನ ಗೋಡೆಗೆ ಹಾಕಿದ ಗಿಲಾವು

೧೯೫೯ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು ಅರ್ಧ ಆಗಿತ್ತು. ಬಡತನ ಅಂತ ಹೇಳಿದರೆ ಕೇಳುವವರಿಗೆ ಸಮಾಧಾನವಾಗುತ್ತದೆ, ಆದರೆ ಅದು ಕಾರಣವಲ್ಲ. ನಮ್ಮಪ್ಪ ಬ್ಯಾಟರಾಯನಪುರದಲ್ಲಿ ಗಾರೆ ಕೆಲಸ ಮಾಡುತ್ತಿದ್ದ. ರಜೆಯಲ್ಲಿ ನಾನೂ ಹೋಗುತ್ತಿದ್ದೆ. ಮೂರಡಿ, ನಾಲ್ಕಡಿ, ಐದಡಿ ಹಗ್ಗ ಹಿಡಿದು ಗೋಡೆಯ ಮೂಲೆ ನೇರ ಮಾಡುವುದು ನನಗೆ ಹತ್ತು ವರ್ಷಕ್ಕೇ ಬರುತ್ತಿತ್ತು. ಅದನ್ನೇ ನಮ್ಮ ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಮೂರು ವಾರ ಎಳೆದರು. ಆಮೇಲೆ ಶಾಲೆಯ ಅಂಗಳದಲ್ಲಿ ಬಾವುಟದ ಕಟ್ಟೆ ಕಟ್ಟಿಸುವಾಗ ಅವರೇ ನಿಂತು ಗುರುತು ಹಾಕಿಸಿದರು. ಕಟ್ಟೆ ಸೊಟ್ಟಗೆ ಬಂತು. ಮಾರನೆಯ ದಿನದಿಂದ ನಾನು ಹೋಗಲಿಲ್ಲ.

ಜಂಬ ಅನ್ನುವವರು ಅನ್ನಲಿ. ಓದಿದವರ ಕೈಕೆಳಗೆ ಹತ್ತು ವರ್ಷ ದುಡಿದು, ಅವರ ಮೇಲೆ ಗೌರವವನ್ನೂ ಉಳಿಸಿಕೊಂಡ ಗಾರೆಯವನನ್ನು ನಾನು ಇನ್ನೂ ನೋಡಿಲ್ಲ.

ನಾನು ಹೇಳಬೇಕಾಗಿರುವುದು ೧೯೮೧ರಲ್ಲಿ ಅಟ್ಟೂರು ಕೆರೆಯ ಪಕ್ಕ ಕಟ್ಟಿದ ಒಂದೇ ಕೋಣೆಯ ಮನೆಯ ವಿಚಾರ. ಹನ್ನೆರಡಡಿಗೆ ಹದಿನಾಲ್ಕಡಿ, ಮುಂದೊಂದು ಜಗಲಿ. ಅಷ್ಟೇ. ಆದರೆ ಅದು ನನ್ನ ಸ್ವಂತ ಹೆಸರಿನ ಮೊದಲ ಕೆಲಸ. ಅದಕ್ಕೆ ಒಂದು ತಿಂಗಳು ಮುಂಚೆ ಯಶವಂತಪುರದ ಕಾಂಟ್ರಾಕ್ಟರನ ಜೊತೆ ಜಗಳವಾಡಿ ಹೊರಗೆ ಬಂದಿದ್ದೆ. ಮರಳಿನಲ್ಲಿ ಮಣ್ಣು ಬೆರೆಸಿ ಗಾರೆ ಮಾಡಿಸುತ್ತಿದ್ದ ಮನುಷ್ಯ ಅವನು. ಹೆಬ್ಬಾಳದ ಟೀ ಅಂಗಡಿಯಲ್ಲಿ ಇಪ್ಪತ್ತು ಜನ ಗಾರೆಯವರ ಮುಂದೆ ನಾನು, "ಇನ್ನು ಇನ್ನೊಬ್ಬನ ಹೆಸರಿಗೆ ಕರಣೆ ಎತ್ತಲ್ಲ" ಅಂದಿದ್ದೆ. ಈ ಮನೆ ನಿಂತರೆ ನಾನು ಮೇಸ್ತ್ರಿ. ಬಿದ್ದರೆ ಅದೇ ಕಾಂಟ್ರಾಕ್ಟರನ ಮುಂದೆ ಕೈಕಟ್ಟಿ ನಿಲ್ಲಬೇಕು, ಆ ಇಪ್ಪತ್ತು ಜನರೂ ನೋಡುತ್ತಾರೆ.

ಮನೆ ಕಟ್ಟಿಸುತ್ತಿದ್ದವರು ಆರ್‌.ಟಿ. ನಗರದ ಒಬ್ಬ ಅಮ್ಮ. ಕಾಲೇಜಿನಲ್ಲಿ ಗಿಡಮರದ ಪಾಠ ಹೇಳಿ ರಿಟೈರಾಗಿದ್ದರು. ಒಂಟಿ ಜೀವ. ವಾರದಲ್ಲಿ ನಾಲ್ಕು ದಿನ ಕೆರೆ ನೋಡಿಕೊಂಡು ಇರಬೇಕು, ಬರೆಯಬೇಕು ಅಂತ ಅವರ ಆಸೆ. "ನನಗೆ ಅರಮನೆ ಬೇಡ ಮೇಸ್ತ್ರಿ. ಒಂದು ಮಂಚ, ಒಂದು ಟೇಬಲ್ಲು, ಕೆರೆ ಕಡೆಗೆ ಒಂದು ಕಿಟಕಿ. ಅಲ್ಲಿರೋ ಹೊಂಗೆ ಮರದ ಒಂದು ಕೊಂಬೆ ಮುರಿದ್ರೂ ನಿಮ್ಮ ಕೂಲಿ ಕಟ್," ಅಂದರು. ನಗುತ್ತಾ ಹೇಳಿದರೋ ನಿಜವಾಗಿ ಹೇಳಿದರೋ ಅವರ ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ.

ನಕ್ಷೆ ಹಾಕಿದವರು ಬೇರೆ. ಅವರನ್ನು ಇಂಜಿನಿಯರ್ ಅನ್ನಬಾರದು, ಆರ್ಕಿಟೆಕ್ಟ್ ಅನ್ನಬೇಕು. ಮೊದಲನೇ ದಿನ ನಾನು ಇಂಜಿನಿಯರ್ ಸಾರ್ ಅಂದಿದ್ದಕ್ಕೆ ಮುಖ ಸಣ್ಣಗೆ ಮಾಡಿಕೊಂಡರು. ಗಡ್ಡ, ಜೋಳಿಗೆ, ಖಾದಿ ಜುಬ್ಬ. ಜುಬ್ಬಕ್ಕೆ ಮಣ್ಣು ತಾಗಿದರೆ ಕೂಡಲೇ ಒದರಿಕೊಳ್ಳುತ್ತಿದ್ದರು. ಮಣ್ಣಿನ ಮನೆ ಕಟ್ಟಿಸಲು ಬಂದ ಮನುಷ್ಯ.

"ಮೇಸ್ತ್ರಿ, ಮನೆ ಕಟ್ಟಿದಂಗೆ ಕಾಣಬಾರ್ದು. ನೆಲದಿಂದ ತಾನೇ ಎದ್ದು ಬಂದಂಗಿರ್ಬೇಕು," ಅಂದರು.

"ಅಣಬೆ ಥರಾನಾ ಸಾರ್?" ಅಂದೆ.

"ಎಕ್ಸಾಕ್ಟ್ಲಿ," ಅಂತ ಜೋಳಿಗೆಯಿಂದ ಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ನಾನು ಬೈದಿದ್ದೆ.

ಅವರ ಲೆಕ್ಕ ಹೀಗಿತ್ತು. ಜಾಗದ ಮಣ್ಣಿನಿಂದಲೇ ಇಟ್ಟಿಗೆ. ಸುಡುವುದಿಲ್ಲ, ಕೈಯಲ್ಲಿ ಸನ್ನೆ ಹಾಕಿ ಒತ್ತುವ ಕಬ್ಬಿಣದ ಮಿಷನ್ನಿನಲ್ಲಿ ಒತ್ತಿ ನೆರಳಲ್ಲಿ ಒಣಗಿಸುವುದು. ಕೆಳಗಿನ ನಾಲ್ಕು ವರಸೆಗೆ ಮಾತ್ರ ಇಪ್ಪತ್ತು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಸಿಮೆಂಟು, ಅದರ ಮೇಲೆ ಬರೀ ಮಣ್ಣಿನ ಇಟ್ಟಿಗೆ. ಹೊರಗೆ ಸಿಮೆಂಟಿನ ಗಿಲಾವು ಇಲ್ಲ, ಸುಣ್ಣ ಬೆರೆಸಿದ ಮಣ್ಣಿನ ತೆಳ್ಳನೆ ಬಗ್ಗಡ ಬಳಿಯುವುದು. ಮೇಲೆ ಯಾವುದೋ ಹಳೆ ಬಂಗಲೆ ಕೆಡವಿದಾಗ ಸಿಕ್ಕಿದ ಮಂಗಳೂರು ಹೆಂಚು. ಹೊಂಗೆಯ ಬೇರಿಗೆ ಏಟಾಗದಂತೆ ಪಾಯವನ್ನು ಒಂದು ಮೂಲೆಯಲ್ಲಿ ಒಂದೂವರೆ ಅಡಿ ಒಳಕ್ಕೆ ತಿರುಗಿಸುವುದು. ಇದನ್ನೆಲ್ಲ ಅವರು ಭೂಮಿತಾಯಿ, ಪ್ರಕೃತಿ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದರು. ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು. ಅರ್ಜಿ ಹಾಕಿ ಆರು ತಿಂಗಳು ಕಾದರೂ ಹತ್ತು ಮೂಟೆ ಸಿಗುತ್ತಿರಲಿಲ್ಲ. ಅರ್ಧ ಪ್ರಕೃತಿ ಪ್ರೇಮ ಅಲ್ಲಿಂದ ಬಂದದ್ದು ಅಂತ ನನಗೆ ಗೊತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು. ಮಣ್ಣನ್ನು ಕೆರೆ ಕಡೆಯ ತಗ್ಗಿನಿಂದ ತೆಗೆಯಬೇಕು, ಆ ಗುಂಡಿಯೇ ಆಮೇಲೆ ಹಕ್ಕಿಗಳಿಗೆ ಹೊಂಡವಾಗುತ್ತದೆ ಅಂತ ನಕ್ಷೆಯಲ್ಲಿತ್ತು. ಹೊಂಡದ ಪಕ್ಕ ಒಂದು ಹಕ್ಕಿಯ ಚಿತ್ರವನ್ನೂ ಬರೆದಿದ್ದರು. ನಾನು ತಗ್ಗಿನ ಮಣ್ಣು ಹಸಿ ಮಾಡಿ ಉಂಡೆ ಕಟ್ಟಿ ಎದೆಯೆತ್ತರದಿಂದ ಬಿಟ್ಟೆ. ಒಳ್ಳೆ ಮಣ್ಣಾದರೆ ನಾಲ್ಕೈದು ಹೋಳಾಗುತ್ತದೆ. ಮರಳು ಹೆಚ್ಚಿದ್ದರೆ ಪುಡಿಯಾಗುತ್ತದೆ. ಇದು ಸಗಣಿಯಂತೆ ಚಪ್ಪಟೆಯಾಗಿ ಕೂತಿತು.

"ಸಾರ್, ಇದು ಕೆರೆ ಗೋಡು. ಒಣಗಿದ್ರೆ ಬಿರಿಯುತ್ತೆ," ಅಂದೆ.

"ಲ್ಯಾಬ್ ರಿಪೋರ್ಟ್ ಇದೆ ಮೇಸ್ತ್ರಿ. ಸ್ಯಾಂಡ್ ಅರುವತ್ತು ಪರ್ಸೆಂಟ್."

"ಸ್ಯಾಂಪಲ್ ಎಲ್ಲಿಂದ ತಗೊಂಡ್ರಿ?"

ಅವರು ರಸ್ತೆ ಪಕ್ಕದ ಮೇಲಿನ ಅಂಚನ್ನು ತೋರಿಸಿದರು. ತಗ್ಗಿಗೆ ಇಳಿದಿದ್ದರೆ ಚಪ್ಪಲಿ ಕೆಸರಾಗುತ್ತಿತ್ತು.

ಅವರು ಹೇಳಿದಂತೆ ಆರುನೂರು ಇಟ್ಟಿಗೆ ಒತ್ತಿಸಿದೆ. ಹತ್ತನೇ ದಿನಕ್ಕೆ ಬೇಸಗೆಯ ಕೆರೆ ಅಂಗಳದಂತೆ ಬಿರಿದವು, ಒಂದೂ ಉಳಿಯಲಿಲ್ಲ. ಅಮ್ಮ ಒಂದು ಇಟ್ಟಿಗೆ ಎತ್ತಿ ನೋಡಿದರು. ಅದು ಅವರ ಕೈಯಲ್ಲೇ ಮೂರು ತುಂಡಾಯಿತು. ಆರ್ಕಿಟೆಕ್ಟ್ ಸಾಹೇಬರು, "ಲರ್ನಿಂಗ್ ಪ್ರೋಸೆಸ್ಸು," ಅಂದರು. ಅವರು ಕಲಿಯಲಿಕ್ಕೆ ನಾನು ಹತ್ತು ದಿನ ಬೆವರು ಸುರಿಸಿದ್ದೆ.

ಆಮೇಲೆ ಮೇಲಿನ ಅಂಚಿನ ಕೆಮ್ಮಣ್ಣು ತೆಗೆಸಿದೆ. ಜಾಲಿಸಿ, ಮೂರಕ್ಕೆ ಒಂದು ಮರಳು ಬೆರೆಸಿ, ಎರಡು ದಿನ ನೆನೆಹಾಕಿ, ತುಳಿಸಿ ಒತ್ತಿಸಿದೆ. ಇಟ್ಟಿಗೆ ಬೆರಳಿನಲ್ಲಿ ಬಡಿದರೆ ಟಣ್ ಅನ್ನುತ್ತಿತ್ತು. ಅಲ್ಲಿಂದ ಕೆಲಸ ಓಡಿತು. ಮೊಣಕಾಲೆತ್ತರದ ಕಲ್ಲಿನ ಪಾಯ, ಅದರ ಮೇಲೆ ಗೋಡೆ. ತೂಕುಗುಂಡು ಬಿಟ್ಟರೆ ನೂಲೆಳೆಯಷ್ಟೂ ಆಚೀಚೆ ಇಲ್ಲ. ಜೂನ್ ಹೊತ್ತಿಗೆ ಜಂತಿ ಕೂರಿಸಿ, ರೀಪರು ಹೊಡೆದು, ಹೆಂಚು ಹೊದಿಸಿದೆವು. ನನಗೆ ಮಣ್ಣಿನ ಮೇಲೆ ಗೌರವ ಬಂದಿರಲಿಲ್ಲ, ನನ್ನ ಕೈ ಮೇಲೆ ಬಂದಿತ್ತು.

ಆ ಹೊತ್ತಿಗೇ ಆ ಯಶವಂತಪುರದ ಕಾಂಟ್ರಾಕ್ಟರು ಮೋಟರ್‌ಬೈಕಿನಲ್ಲಿ ಬಂದ. ಬೇಕೆಂದೇ ಬಂದಿದ್ದ. ಇಳಿಯಲೂ ಇಲ್ಲ, ರಸ್ತೆಯಲ್ಲೇ ನಿಲ್ಲಿಸಿ ಕೂಗಿದ.

"ಏನ್ ಗುರು, ಸ್ವಂತ ಕೆಲಸ ಅಂದೆ, ಕೊಟ್ಟಿಗೆನಾ?"

"ಮನೆ," ಅಂದೆ.

"ಹೌದಾ? ಎಮ್ಮೆ ಎಷ್ಟು ಕಟ್ತಾರೆ?"

ಕೆಲಸದವರು ನಕ್ಕರು. ನನ್ನವರೇ. ಅವನು ಹೋದ ಮೇಲೆ ನಾನು ರಸ್ತೆಗೆ ಹೋಗಿ ನಿಂತು ನೋಡಿದೆ. ರಸ್ತೆಗೆ ಕಾಣುವುದು ಪಡುವಣ ಗೋಡೆ. ಅಲ್ಲಿಂದ ನೋಡಿದರೆ ನಿಜವಾಗಿ ಕೊಟ್ಟಿಗೆಯ ಹಾಗೇ ಇತ್ತು. ಹೆಬ್ಬಾಳದ ಟೀ ಅಂಗಡಿಯಲ್ಲಿ ಸಂಜೆಗೆ ಇದೇ ಮಾತು ಆಗುತ್ತದೆ ಅಂತ ಗೊತ್ತಿತ್ತು, ಆಯಿತು ಕೂಡ.

ಜುಲೈಯಲ್ಲಿ ಆರ್ಕಿಟೆಕ್ಟ್ ಸಾಹೇಬರು ಮೂರು ವಾರ ದೆಹಲಿಗೆ ಹೋದರು. ಮಣ್ಣಿನ ಮನೆ ಕುರಿತು ಭಾಷಣ ಮಾಡಲಿಕ್ಕೆ. ಅಮ್ಮನಿಗೆ ಮಂಡಿನೋವು, ಬರಲಿಲ್ಲ. ನಾನು ಯಶವಂತಪುರದಲ್ಲಿ ಬ್ಲಾಕಿನಲ್ಲಿ ಐದು ಮೂಟೆ ಸಿಮೆಂಟು ನನ್ನ ಕೈಯಿಂದಲೇ ದುಡ್ಡು ಕೊಟ್ಟು ತಂದೆ. ಪಡುವಣ ಗೋಡೆಗೆ ಹೊರಗಿನಿಂದ ಗಿಲಾವು ಹಾಕಿದೆ. ಒಂದಕ್ಕೆ ಮೂರು ಮರಳು. ಮುಕ್ಕಾಲು ಅಂಗುಲ ದಪ್ಪ. ಮೇಲೆ ಸಿಮೆಂಟು ನೀರು ಹಚ್ಚಿ ಕನ್ನಡಿಯಂತೆ ತೀಡಿದೆ. ಮಣ್ಣಿಗೆ ಗಿಲಾವು ಹಿಡಿಯಲೆಂದು ಮೊಳೆ ಹೊಡೆದು ಕೋಳಿ ಬಲೆಯನ್ನೂ ಬಿಗಿದಿದ್ದೆ. ಇಷ್ಟು ಶ್ರದ್ಧೆಯಿಂದ ನಾನು ಇನ್ನಾವ ಗೋಡೆಯನ್ನೂ ಮಾಡಿಲ್ಲ.

ಮಣ್ಣು ತುಳಿಯಲು ಅಟ್ಟೂರಿನಿಂದ ಒಬ್ಬ ಹೆಂಗಸು ಬರುತ್ತಿದ್ದಳು, ನಲವತ್ತರ ಹತ್ತಿರದವಳು. ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

"ಮೇಸ್ತ್ರಣ್ಣ, ಗ್ವಾಡೆಗೆ ರೇನುಕೋಟು ಆಕ್ತಿದ್ದೀಯಾ?"

"ನೀನು ನಿನ್ನ ಕೆಲಸ ನೋಡು."

"ನೋಡ್ತೀನಿ ಬುಡು. ನಮ್ಮಟ್ಟಿ ಗ್ವಾಡೆಗೆ ಇಂಗೆ ಯಾರೂ ಮಾಡಾಕಿಲ್ಲ. ಬಗ್ಗಡ ಬಳೀತೀವಿ, ಮಳೆಗೆ ಓದ್ರೆ ಮುಂದಿನ್ ವರ್ಸ ಇನ್ನೊಂದ್ ದಪ ಬಳೀತೀವಿ."

"ಅದಕ್ಕೇ ನೀನು ಮಣ್ಣು ತುಳೀತಿದ್ದೀಯ, ನಾನು ಕರಣೆ ಹಿಡಿದಿದ್ದೀನಿ," ಅಂದೆ. ಆ ವಾರ ಪೂರ್ತಿ ಅವಳು ನನಗೆ ಬೆನ್ನು ಹಾಕಿಯೇ ಮಣ್ಣು ತುಳಿದಳು.

ಸಿಮೆಂಟಿನ ಕೆಲಸಕ್ಕೆ ನೀರು ಹೊಡೆದಷ್ಟೂ ಗಟ್ಟಿ. ಇದು ಗಾರೆಯವನು ಮೊದಲ ವರ್ಷ ಕಲಿಯುವ ಪಾಠ. ಸೋಮಾರಿ ಮೂರು ದಿನ ಹೊಡೆಯುತ್ತಾನೆ, ಕೆಲಸದವನು ಏಳು ದಿನ. ನಾನು ಹದಿನಾಲ್ಕು ದಿನ, ಬೆಳಿಗ್ಗೆ ಸಾಯಂಕಾಲ, ಕೆರೆಯಿಂದ ಕೊಡದಲ್ಲಿ ತಂದು ಆ ಗೋಡೆಗೆ ನೀರು ಹೊಡೆದೆ. ಅದರ ಹಿಂದೆ ಇರುವುದು ಮಣ್ಣು ಅನ್ನುವುದು ಒಂದು ಸಲವೂ ನನ್ನ ತಲೆಗೆ ಬರಲಿಲ್ಲ. ಬಂದಿದ್ದರೂ ಗಟ್ಟಿ ಸಿಮೆಂಟು ತಡೆಯುತ್ತದೆ ಅಂದುಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷ ಕರಣೆ ಹಿಡಿದವನು ನಾನು.

ದೆಹಲಿಯಿಂದ ಬಂದ ಆರ್ಕಿಟೆಕ್ಟ್ ಗಿಲಾವು ನೋಡಿದರು. ಕೂಗಾಡುತ್ತಾರೆ ಅಂತ ಉತ್ತರ ತಯಾರು ಮಾಡಿಕೊಂಡಿದ್ದೆ. ಗಡ್ಡ ನೀವಿಕೊಂಡು, "ಟೆಕ್ಸ್‌ಚರ್ ಪರ್ವಾಗಿಲ್ಲ," ಅಂದರು. ತಾವು ಬೇಡ ಅಂತ ನಕ್ಷೆಯಲ್ಲಿ ಕೆಂಪು ಮಸಿಯಲ್ಲಿ ಬರೆದದ್ದನ್ನು ಒಂದೇ ನಿಮಿಷದಲ್ಲಿ ಬಿಟ್ಟುಕೊಟ್ಟರು. ಅವತ್ತು ನನಗೆ ಗೆದ್ದೆ ಅನ್ನಿಸಿತು.

ಆಗಸ್ಟಿನಲ್ಲಿ ಅಮ್ಮ ಮಂಚ, ಟೇಬಲ್ಲು ತಂದು ಹಾಕಿಸಿದರು. ಮಂಚವನ್ನು ಪಡುವಣ ಗೋಡೆಗೆ ಒರಗಿಸಿದರು, ಮಲಗಿದಲ್ಲಿಂದ ಕೆರೆ ಕಾಣಲಿ ಅಂತ.

ಗಣೇಶನ ಹಬ್ಬ ಕಳೆದು ಮಳೆ ಹಿಡಿಯಿತು. ಆರು ದಿನ. ಗಾಳಿ ಪಡುವಣದಿಂದ. ಬಿಟ್ಟ ದಿನ ಬೆಳಿಗ್ಗೆ ಬ್ಯಾಟರಾಯನಪುರದಿಂದ ಸೈಕಲ್ ತುಳಿದುಕೊಂಡು ಹೋದೆ. ಅಮ್ಮ ಹಬ್ಬಕ್ಕೆ ಆರ್‌.ಟಿ. ನಗರದ ಮನೆಗೆ ಹೋದವರು ಮಳೆಯಿಂದ ಇನ್ನೂ ವಾಪಸ್ ಬಂದಿರಲಿಲ್ಲ. ಮೊದಲು ಉಳಿದ ಮೂರು ಗೋಡೆ ನೋಡಿದೆ. ಬಗ್ಗಡ ಅಲ್ಲಲ್ಲಿ ತೊಳೆದು ಹೋಗಿತ್ತು, ಅಷ್ಟೇ. ಇಟ್ಟಿಗೆ ಮುಟ್ಟಿದರೆ ಗಟ್ಟಿ, ಬಿಸಿಲಿಗೆ ಆಗಲೇ ಒಣಗುತ್ತಿತ್ತು. ಆಮೇಲೆ ರಸ್ತೆ ಕಡೆಗೆ ಬಂದೆ. ನನ್ನ ಕನ್ನಡಿ ಗೋಡೆ ಸೊಂಟದೆತ್ತರದಲ್ಲಿ ಹೊಟ್ಟೆ ಬಿಟ್ಟಿತ್ತು.

ಕರಣೆಯ ಹಿಡಿಯಿಂದ ಬಡಿದೆ. ಟೊಳ್ಳು. ಉಳಿ ತೆಗೆದು ಗೇಣಗಲ ಒಡೆದೆ. ಒಳಗಿಂದ ಮಣ್ಣು ಅಂಬಲಿಯಂತೆ ಇಳಿದು ನನ್ನ ಪಾದದ ಮೇಲೆ ಬಿತ್ತು.

ಅಲ್ಲೇ ಕೂತು ಲೆಕ್ಕ ಹಾಕಿದೆ. ನಾನೇ ಕುಡಿಸಿದ ಹದಿನಾಲ್ಕು ದಿನದ ನೀರು ಒಳಗೆ ಸೇರಿತ್ತು. ಮಣ್ಣು ಅದನ್ನು ಗಾಳಿಗೆ ಬಿಡೋಣ ಅಂದರೆ ಹೊರಗೆ ಸಿಮೆಂಟು ಬಾಗಿಲು ಹಾಕಿತ್ತು. ಒಳಗೆ ಮಣ್ಣು ಹಿಗ್ಗಿ ಕುಗ್ಗಿದಂತೆ ಗಿಲಾವಿನ ಮೇಲೆ ಕೂದಲೆಳೆಯ ಬಿರುಕು ಬಂದಿತ್ತು, ಆರು ದಿನದ ಮಳೆ ಅದರಲ್ಲಿ ಇಳಿದಿತ್ತು. ಇಳಿದ ನೀರು ಕೆಳಗಿನ ನಾಲ್ಕು ವರಸೆಯ ಸಿಮೆಂಟಿಟ್ಟಿಗೆಯ ಮೇಲೆ ಬಂದು ನಿಂತಿತ್ತು. ಐದನೇ ವರಸೆ, ಆರನೇ ವರಸೆ ಅಂಬಲಿ. ಅದರ ಮೇಲೆ ಗೋಡೆ, ಅದರ ಮೇಲೆ ಹೆಂಚಿನ ಭಾರ. ಸರಿಯಾಗಿ ಅದರ ಆಚೆ ಬದಿಯಲ್ಲಿ ಅಮ್ಮನ ಮಂಚ.

ಒಡೆದ ಗೇಣಗಲಕ್ಕೆ ಒಂದು ಹೆಂಚು ಒರಗಿಸಿ ಮುಚ್ಚಿ ಬಂದೆ. ಇದನ್ನೂ ಹೇಳಿಬಿಡಬೇಕು. ಎರಡು ದಿನ ಯಾರಿಗೂ ಹೇಳಲಿಲ್ಲ.

ಭಾನುವಾರ ಅಮ್ಮನೂ ಆರ್ಕಿಟೆಕ್ಟ್ ಸಾಹೇಬರೂ ಆಟೋದಲ್ಲಿ ಬಂದರು. ಗೋಡೆಯ ಹೊಟ್ಟೆ ಯಾರಿಗಾದರೂ ಕಾಣುತ್ತಿತ್ತು. ಆರ್ಕಿಟೆಕ್ಟ್ ಎರಡು ಸಲ ಸುತ್ತು ಹಾಕಿದರು. ಒರಗಿಸಿದ್ದ ಹೆಂಚನ್ನು ತೆಗೆದು ನೋಡಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ.

"ಮೇಡಂ, ಐ ಆಮ್ ಸಾರಿ. ಮಣ್ಣು ಇಷ್ಟೇ," ಅಂದರು. "ನಮ್ಮ ಮಳೆಗೆ ಇದು ತಡೆಯಲ್ಲ. ಮೇಸ್ತ್ರಿ ಗಿಲಾವು ಹಾಕಿದ್ದಕ್ಕೆ ಈ ಗೋಡೆ ನಿಂತಿದೆ. ಉಳಿದ ಮೂರಕ್ಕೂ ಹಾಕ್ಸಿಬಿಡೋಣ."

ಅಮ್ಮ ನನ್ನ ಕಡೆ ತಿರುಗಿದರು. "ಏನ್ ಮೇಸ್ತ್ರಿ, ನೀವೇ ಸರಿ ಅನ್ನಿ ಹಾಗಾದ್ರೆ?"

ನನ್ನ ಹೆಸರು ಉಳಿಸಿಕೊಳ್ಳಲು ನಾನು ಏನೂ ಮಾಡಬೇಕಾಗಿರಲಿಲ್ಲ. ತಲೆ ಆಡಿಸಿದ್ದರೆ ಸಾಕಿತ್ತು. ಹೊಟ್ಟೆ ಬಿಟ್ಟದ್ದನ್ನು ಕೊರೆದು ಮುಚ್ಚಬಹುದಿತ್ತು. ನಾಲ್ಕು ಗೋಡೆಗೂ ಕನ್ನಡಿ ಹಾಕಿಸಿ, ಯಶವಂತಪುರದವನನ್ನು ಕರೆದು ತೋರಿಸಬಹುದಿತ್ತು. ಬಿದ್ದರೆ ಮುಂದಿನ ಮಳೆಗೆ ಬೀಳುತ್ತಿತ್ತು, ಬೈಗುಳ ಮಣ್ಣಿಗೆ ಹೋಗುತ್ತಿತ್ತು.

ನಾನು ಆರ್ಕಿಟೆಕ್ಟ್ ಮುಖ ನೋಡಿದೆ. ಅವರು ಹೇಳಿದ್ದ ನೂರು ಮಾತಿನಲ್ಲಿ ಗಿಲಾವು ಬೇಡ ಅನ್ನುವುದೊಂದೇ ನಿಜವಾಗಿ ಸರಿಯಿದ್ದ ಮಾತು. ಅದನ್ನೂ ಅವರಿಗೆ ಹಿಡಿದುಕೊಳ್ಳಲು ಆಗುತ್ತಿರಲಿಲ್ಲ. ತಪ್ಪು ಮಾಡುವವನನ್ನು ಸಹಿಸಬಹುದು. ತನ್ನ ಸರಿಯನ್ನು ಕಾಯದವನ ಪಕ್ಕ ನಾನು ತಲೆ ಆಡಿಸಿ ನಿಂತರೆ ನಾನೂ ಅವನೇ ಆಗುತ್ತೇನೆ ಅನ್ನಿಸಿತು. ಹೇಸಿಗೆಯಾಯಿತು.

ಹೆಂಚು ತೆಗೆದೆ. "ಅಮ್ಮಾ, ಇಲ್ಲಿ ಕೈ ಹಾಕಿ," ಅಂದೆ.

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೈ ಹಾಕಿದರು. ಹೊರಗೆ ತೆಗೆದಾಗ ಬೆರಳೆಲ್ಲ ಕೆಸರು.

"ಈಗ ಆ ಕಡೆ ಗೋಡೆ ಮುಟ್ಟಿ."

ಮೂಡಣ ಗೋಡೆಗೆ ಹೋಗಿ ಅಂಗೈ ಇಟ್ಟರು. ಅಲ್ಲಿಂದಲೇ ಕೇಳಿದರು, "ಇದು ಒಣಗಿದೆಯಲ್ಲ?"

"ಅದಕ್ಕೆ ನಾನು ಸಿಮೆಂಟು ಮೆತ್ತಿಲ್ಲ, ಅದಕ್ಕೇ ಒಣಗಿದೆ. ಸಾರ್ ಬೇಡ ಅಂದಿದ್ರು. ಅವರು ಇಲ್ಲದಾಗ ನಾನೇ ಗಿಲಾವು ಹಾಕ್ದೆ. ನೀರೂ ನಾನೇ ಹೊಡೆದೆ. ಮಣ್ಣಿನ ತಪ್ಪಿಲ್ಲ."

"ಯಾಕೆ ಹಾಕಿದ್ರಿ?"

"ಕೊಟ್ಟಿಗೆ ಅಂದ್ರು."

ಆರ್ಕಿಟೆಕ್ಟ್, "ನಾನು ಮೊದಲೇ ಹೇಳಿದ್ದೆ ಮೇಡಂ," ಅಂತ ಶುರು ಮಾಡಿದರು. ಐದು ನಿಮಿಷದ ಹಿಂದೆ ಅವರು ಏನು ಹೇಳಿದ್ದರು ಅನ್ನುವುದು ಅವರಿಗೇ ಮರೆತಿತ್ತು. ಅಮ್ಮ ಅವರ ಕಡೆ ನೋಡಲೂ ಇಲ್ಲ.

"ಎಷ್ಟು ದಿನ ಬೇಕು?" ಅಂತ ನನ್ನನ್ನು ಕೇಳಿದರು.

"ಹನ್ನೆರಡು."

"ಸರಿ. ಕೆಡವಿ."

ಹೆಂಚು ಇಳಿಸದೆ ಗೋಡೆ ಬದಲಾಯಿಸುವುದು ಸುಲಭವಲ್ಲ. ಜಂತಿಗಳ ಕೆಳಗೆ ಒಂದು ಅಡ್ಡ ತೊಲೆ ಕೊಟ್ಟು, ಅದಕ್ಕೆ ಆರು ಸರ್ವೆ ಕಂಬ ಆನಿಸಿ, ಬುಡಕ್ಕೆ ಹಲಗೆ ಹಾಕಿ ಬೆಣೆ ಬಡಿದೆ. ಸೂರಿನ ಭಾರ ಕಂಬದ ಮೇಲೆ ಬಂತು ಅಂತ ಖಾತ್ರಿಯಾದ ಮೇಲೆ ಗಿಲಾವು ಕಿತ್ತೆ. ಕೋಳಿ ಬಲೆಯ ಸಮೇತ ಚಾಪೆಯಂತೆ ಒಂದೇ ಸಲ ಬಂತು. ಅಷ್ಟು ಚೆನ್ನಾಗಿ ಹಾಕಿದ್ದೆ. ಗೋಡೆಯನ್ನು ಎರಡು ಪಾಲು ಮಾಡಿ, ಅರ್ಧ ಕೆಡವಿ ಅರ್ಧ ಕಟ್ಟಿದೆ, ಆಮೇಲೆ ಉಳಿದರ್ಧ. ಕೆಲಸದವರಿಗೆ ಕೂಲಿ ನಾನು ಕೊಟ್ಟೆ, ನನ್ನ ಕೂಲಿ ತೆಗೆದುಕೊಳ್ಳಲಿಲ್ಲ.

ಎರಡು ಬದಲಾವಣೆ ಮಾಡಿದೆ, ಎರಡೂ ನನ್ನವು. ಪಡುವಣ ಕಡೆ ಮಾತ್ರ ಸೂರನ್ನು ಎರಡಡಿ ಮುಂದಕ್ಕೆ ಚಾಚಿದೆ, ಎರಚಲು ಗೋಡೆಗೆ ಮುಟ್ಟದಂತೆ. ಸೂರಿನ ನೀರು ಬೀಳುವಲ್ಲಿ ಜಲ್ಲಿ ತುಂಬಿದ ಕಾಲುವೆ ಮಾಡಿ, ಅದನ್ನು ಬಿರಿದ ಇಟ್ಟಿಗೆಗೆ ತೋಡಿದ್ದ ಆ ಗುಂಡಿಗೆ ಬಿಟ್ಟೆ. ಹಕ್ಕಿಯ ಹೊಂಡ ಹಾಗೆ ಆಯಿತು, ನಕ್ಷೆಯಿಂದಲ್ಲ.

ಹೊರಗಿನ ಬಗ್ಗಡಕ್ಕೆ ಆ ಅಟ್ಟೂರಿನ ಹೆಂಗಸನ್ನೇ ಕರೆದೆ. ಕರೆಯುವುದು ಕಷ್ಟವಾಯಿತು. "ನೀನೇ ಬಳಿ. ನನಗೆ ಬರಲ್ಲ," ಅಂದೆ.

"ಕರಣೆ ಇಡಿದೋರ್ಗೆ ಬರಾಕಿಲ್ವಾ ಮೇಸ್ತ್ರಣ್ಣ?"

"ಬರಲ್ಲ."

"ಅಂಗಾದ್ರೆ ಬಾಂಡ್ಲಿ ಎತ್ಕೊಡು." ಎರಡು ದಿನ ನಾನು ಅವಳಿಗೆ ಬಾಂಡ್ಲಿ ಎತ್ತಿಕೊಟ್ಟೆ. ಕಾಲು ಗಂಟೆಗೊಂದು ಸಲ ತೆಳುವಾಯಿತು, ದಪ್ಪವಾಯಿತು ಅಂತ ಬೈಯುತ್ತಿದ್ದಳು. ಬೈಯುವ ಹಕ್ಕು ಅವಳಿಗಿತ್ತು.

ಅಕ್ಟೋಬರಿನ ಮಳೆ ಸೆಪ್ಟೆಂಬರಿನದಕ್ಕಿಂತ ಜೋರಾಗಿ ಬಂತು. ಅಮ್ಮ ಆಗ ಅಲ್ಲೇ ಇದ್ದರು, ಅದೇ ಮಂಚದ ಮೇಲೆ. ಮಳೆ ಬಿಟ್ಟ ದಿನ ಹೋಗಿ ಗೋಡೆ ಮುಟ್ಟಿದೆ. ಒಣಗಿತ್ತು. ಅವರು ಒಳಗಿನಿಂದ, "ದಿನಾ ಮುಟ್ಟಿ ಮುಟ್ಟಿ ಅದನ್ನ ನೀವೇ ಸವೆಸ್ತೀರಿ," ಅಂದರು.

ಆರ್ಕಿಟೆಕ್ಟ್ ಸಾಹೇಬರು ಮುಂದಿನ ವರ್ಷ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಈ ಮನೆಯ ಬಗ್ಗೆ ಬರೆದರು. ಫೋಟೋ ಇತ್ತು. ಅಮ್ಮ ನನಗೆ ಓದಿ ಹೇಳಿದರು. ಗಿಲಾವು ಹಾಕಿದ ಗೋಡೆ ಒಂದು ಪ್ರಯೋಗವಾಗಿತ್ತಂತೆ, ಎರಡನ್ನೂ ಹೋಲಿಸಿ ನೋಡಲು ಅವರೇ ಮಾಡಿಸಿದ್ದಂತೆ. ಅಣಬೆಯ ಮಾತೂ ಇತ್ತು, ಅವರದೇ ಮಾತು ಅಂತ. ನನ್ನ ವಿಚಾರ ಒಂದು ಕಡೆ ಬಂದಿತ್ತು, ಸ್ಥಳೀಯ ಕೂಲಿಗಾರರು ಅಂತ. ಬೈಯಲೂ ಬೇಸರವಾಯಿತು.

ಹೆಸರಿನ ಮಾತಿಗೆ ಬಂದರೆ, ಹೆಬ್ಬಾಳದ ಟೀ ಅಂಗಡಿಯಲ್ಲಿ ಒಂದು ವರ್ಷ ನಾನು ತಾನೇ ಕಟ್ಟಿ ತಾನೇ ಕೆಡವಿದ ಮೇಸ್ತ್ರಿ. ಸುದ್ದಿಯನ್ನು ಅಮ್ಮ ಮುಚ್ಚಿಡಲಿಲ್ಲ, ಕೇಳಿದವರಿಗೆಲ್ಲ ಹೇಳುತ್ತಿದ್ದರು. ಅದರಿಂದ ಕೈಗೆ ಬಂದಿದ್ದ ಎರಡು ಕೆಲಸ ತಪ್ಪಿತು. ಆಮೇಲೆ ಯಲಹಂಕದ ಒಬ್ಬ ವಕೀಲರು ಅಮ್ಮನ ಮನೆ ನೋಡಲು ಬಂದು, ನಾನು ಅಲ್ಲೇ ಕಿಟಕಿ ಸರಿಮಾಡುತ್ತಿರುವಾಗಲೇ, ಈ ಮೇಸ್ತ್ರಿಯನ್ನು ನಂಬಬಹುದಾ ಅಂತ ಕೇಳಿದರು. ಅಮ್ಮ ಕನ್ನಡಕ ತೆಗೆಯದೆ ಹೇಳಿದರು: "ಒಂದು ಗೋಡೆ ಹಾಳು ಮಾಡಿದ್ರು. ಕೇಳೋಕೆ ಮುಂಚೆ ತಾವೇ ಹೇಳಿದ್ರು. ಗೋಡೆ ಹಾಳು ಮಾಡೋರು ನಿಮಗೆ ಎಲ್ಲಾ ಕಡೆ ಸಿಗ್ತಾರೆ." ವಕೀಲರು ಕೆಲಸ ಕೊಟ್ಟರು.

ಈಗ ೧೯೮೯. ಬ್ಯಾಟರಾಯನಪುರದಲ್ಲಿ ಸ್ವಂತದ್ದು ಎರಡು ಕೋಣೆಯ ಮನೆ, ಒಂದು ಬಾವಿ. ಸನ್ನೆ ಹಾಕಿ ಒತ್ತುವ ಮಿಷನ್ನು ಎರಡು. ಕರಣೆ ಏಳು, ರಸಮಟ್ಟ ಮೂರು, ಹಳೇ ಸೈಕಲ್ಲು ಒಂದು. ಜೊತೆಯಲ್ಲಿ ಕೆಲಸ ಮಾಡುವವರು ಒಂಬತ್ತು ಜನ, ಅದರಲ್ಲಿ ಬಗ್ಗಡ ಬಳಿಯುವ ಅಟ್ಟೂರಿನ ಹೆಂಗಸು ಒಬ್ಬಳು. ಕಟ್ಟಿದ ಮಣ್ಣಿನ ಮನೆ ಹದಿನಾಲ್ಕು. ಹದಿನಾಲ್ಕೂ ನಿಂತಿವೆ.